ಯಂತ್ರಕ್ಕೊಂದು ಹಣೆ

ಕರೆಂಟ್ ಹೋಗಬಹುದಿತ್ತು. ಕರೆಂಟ್ ಇದ್ದೂ ಕಂಪ್ರೆಸರ್ ಕೈಕೊಡಬಹುದಿತ್ತು. ಕಂಪ್ರೆಸರ್ ಸರಿಯಾಗಿಯೇ ಇದ್ದು, ಗಾಳಿಯ ಪೈಪು ಬುಸ್ಸೆಂದು ಬಿಚ್ಚಿಕೊಂಡು ಯಾರದಾದರೂ ಮುಖಕ್ಕೆ ಹೊಡೆಯಬಹುದಿತ್ತು. ಆ ಮುಖ ನನ್ನದೇ ಆಗಿರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನಮ್ಮ ರೊಟ್ಟಿ ಯಂತ್ರ ಹೊತ್ತ ಗೂಡ್ಸ್ ಗಾಡಿ ಮೈಸೂರು ರಸ್ತೆಯಲ್ಲಿ, ದೀಪಾಂಜಲಿ ನಗರದ ಮೆಟ್ರೋ ಕೆಳಗೆ ಕೆಟ್ಟು ನಿಲ್ಲಬಹುದಿತ್ತು. ಕೆಂಗೇರಿ ಮುಟ್ಟಿದ ಮೇಲೆ ಹಾಸ್ಟೆಲ್ ಅಡುಗೆಮನೆಯ ಬಾಗಿಲು ಯಂತ್ರಕ್ಕಿಂತ ಒಂದೇ ಒಂದು ಬೆರಳಿನಷ್ಟು ಕಿರಿದಾಗಿರಬಹುದಿತ್ತು. ಅಲ್ಲಿನ ಬೋರ್‌ವೆಲ್ ನೀರಿಗೆ ಹಿಟ್ಟು ಹದಕ್ಕೆ ಬರದೇ ಇರಬಹುದಿತ್ತು. ಹೊಸ ಜೋಳವೂ ಹಳೆ ಜೋಳವೂ ಕಲೆತು ಹಿಟ್ಟೇ ಕೆಟ್ಟಿರಬಹುದಿತ್ತು. ಅಲ್ಲಿನ ಅಡುಗೆಯವರು ನಮ್ಮ ಮೇಲೆ ಮುನಿಸಿಕೊಂಡು ಗ್ಯಾಸ್ ಬಂದ್ ಮಾಡಿಬಿಡಬಹುದಿತ್ತು. ರುಚಿ ನೋಡಬೇಕಾದ ಕ್ಯಾಂಟೀನ್ ಗುತ್ತಿಗೆದಾರರಿಗೆ ಆವತ್ತೇ ಹಲ್ಲುನೋವು ಬರಬಹುದಿತ್ತು. ಇದೆಲ್ಲ ಆಗದಿದ್ದರೂ ನನ್ನ ಬಿಪಿ ಏರಿ, ರೊಟ್ಟಿ ಬಿಟ್ಟು ಎಲ್ಲರೂ ನನ್ನನ್ನು ಎತ್ತಿಕೊಂಡು ಓಡಬೇಕಾಗಬಹುದಿತ್ತು.

ಎಲ್ಲದಕ್ಕೂ ನನ್ನ ಬಳಿ ತಯಾರಿಯಿತ್ತು. ಒಂದು ದೊಡ್ಡ ಬ್ಯಾಗಿನ ತುಂಬ ಬಿಡಿಭಾಗಗಳು: ಪೈಪು, ಫ್ಯೂಸು, ಸೆನ್ಸರ್, ಕ್ಲ್ಯಾಂಪು, ಇನ್ಸುಲೇಷನ್ ಟೇಪು. ಕ್ಯಾನುಗಳಲ್ಲಿ ನಮ್ಮ ಮನೆಯ ನಲ್ಲಿ ನೀರು. ಬಿಪಿ ಮಾತ್ರೆ ಎಡಜೇಬಿನಲ್ಲಿ, ಅದು ಕಳೆದುಹೋದರೆ ಎಂದು ಇನ್ನೊಂದು ಪಟ್ಟಿ ಬಲಜೇಬಿನಲ್ಲಿ.

ನಮ್ಮದು ರೊಟ್ಟಿ ವ್ಯಾಪಾರ. ನಮ್ಮದು ಎಂದರೆ ನನ್ನ ತಂಗಿಯದು. ಬಿಲ್ಲು, ಲೈಸೆನ್ಸು ಮತ್ತು ಚಿಂತೆಯ ವಿಭಾಗ ಮಾತ್ರ ನನ್ನದು. ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಬೆಂಗಳೂರಿನವರು ರೊಟ್ಟಿ ತಟ್ಟುವುದು ಅನ್ನುತ್ತಾರೆ. ಹಾವೇರಿ ಕಡೆಯ ನಮ್ಮ ಮನೆಯಲ್ಲಿ ಅದು ಬಡಿಯುವುದೇ. ಬೇಯಿಸಿ ಒಣಗಿಸಿದ ಕಡಕ್ ರೊಟ್ಟಿ ಪ್ಯಾಕೆಟ್ಟಾಗಿ ರಾಜಾಜಿನಗರ, ವಿಜಯನಗರ, ನಂದಿನಿ ಲೇಔಟ್‌ನ ಅಂಗಡಿಗಳಿಗೆ ಹೋಗುತ್ತಿತ್ತು. ಕೆಳಗಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ದಂತವೈದ್ಯೆಯ ಕ್ಲಿನಿಕ್ಕು. ಮೇಲೆ ಬಡಿತ, ಕೆಳಗೆ ಕೊರೆತ. ಮೇಲಿನ ಸದ್ದಿನಲ್ಲಿ ತಮ್ಮ ಡ್ರಿಲ್ಲಿನ ಸದ್ದು ಮುಚ್ಚಿಹೋಗುತ್ತದೆ, ಪೇಷಂಟುಗಳಿಗೆ ಹೆದರಿಕೆ ಕಡಿಮೆ ಎಂದು ಆಕೆ ನಮಗೆ ಥ್ಯಾಂಕ್ಸ್ ಹೇಳಿದ್ದೂ ಇದೆ.

ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ತಂಗಿಗೆ ತೊಂದರೆಯಾದದ್ದೇ ಅದು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ನನ್ನ ತಟ್ಟೆಗೆ ಎಣ್ಣೆಗಾಯಿ ಬಡಿಸುತ್ತಲೇ ಹೇಳಿದಳು.

"ಅಣ್ಣಾ, ಪ್ಯಾಕೆಟ್ ನಿಲ್ಸೋಣ."

"ಯಾಕೇ, ಕಂಪ್ಲೇಂಟ್ ಬಂತಾ?"

"ಇಲ್ಲ, ಚೆನ್ನಾಗ್ ನಡೀತಿದೆ. ಹಿಂಗೇ ನಡೀತಿದ್ರೆ ಇದನ್ನೇ ಮಾಡ್ಕೊಂಡು ಇದ್ಬಿಡ್ತೀವಿ."

"ಅದಕ್ಕೇ ಅಲ್ವೇನೇ ಶುರು ಮಾಡಿದ್ದು?"

ಅವಳು ನನ್ನನ್ನು ನೋಡಿದ ರೀತಿ, ಮೂರನೇ ಕ್ಲಾಸಿನಲ್ಲೇ ಉಳಿದುಹೋದ ಅಣ್ಣನನ್ನು ನೋಡಿದಂತಿತ್ತು.

ಅವಳ ಲೆಕ್ಕ ಇಷ್ಟು. ದಿನಾ ಯಾವುದೋ ಹಾಸ್ಟೆಲ್ಲಿನಿಂದ, ಯಾವುದೋ ಮೆಸ್ಸಿನಿಂದ ಫೋನ್ ಬರುತ್ತಿತ್ತು: ಕಡಕ್ ಬೇಡ, ಮೆತ್ತಗಿನ ಬಿಸಿ ರೊಟ್ಟಿ ಬೇಕು. ಬಿಸಿ ರೊಟ್ಟಿಯನ್ನು ಬಡಿಸುವ ಹೊತ್ತಿಗೇ ಬಡಿಯಬೇಕು. ಅಷ್ಟು ಕೈಗಳು ನಮ್ಮಲ್ಲಿರಲಿಲ್ಲ. ಇದ್ದ ಕೈಗಳಲ್ಲೂ ಹಿರಿಯರ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು ಬಂದಿತ್ತು. ಹೊಸ ಹುಡುಗಿಯರು ಬಿಲ್ಲಿಂಗ್ ಕಲಿಯುತ್ತೇವೆ ಅನ್ನುತ್ತಾರೆಯೇ ಹೊರತು ಬಡಿಯುವುದು ಕಲಿಯುತ್ತೇವೆ ಅನ್ನುವುದಿಲ್ಲ, ಅವರ ತಪ್ಪೇನಿದೆ. ಹಾಗಾಗಿ ಪ್ರತಿ ಫೋನಿಗೂ ತಂಗಿ "ಆಗಲ್ಲ ಸಾರ್" ಅನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ, ಸದ್ಯ, ಚಿಂತೆ ಮಾಡಬೇಕಾದ ಆರ್ಡರ್ ಒಂದು ಕಡಿಮೆಯಾಯಿತು ಅನ್ನಿಸುತ್ತಿತ್ತು. ಅವಳಿಗೆ ಅದೇ ಮಾತು ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ಒಂದು ಕಂಪನಿ ಕಟ್ಟುವವರಿಗೂ ಅದರಲ್ಲಿ ಕೆಲಸ ಮಾಡುವವರಿಗೂ ಇರುವ ವ್ಯತ್ಯಾಸ ಇಷ್ಟೇ ಇರಬೇಕು.

ಕೆಂಗೇರಿಯ ಕಾಲೇಜು ಹಾಸ್ಟೆಲ್ಲುಗಳ ಕ್ಯಾಂಟೀನ್ ನಡೆಸುವ ಗುತ್ತಿಗೆದಾರರೊಬ್ಬರು ಅವಳಿಗೆ ಒಂದು ಮಾತು ಕೊಟ್ಟಿದ್ದರು. ಉತ್ತರ ಕರ್ನಾಟಕದ ಮಕ್ಕಳು ರೊಟ್ಟಿ ರೊಟ್ಟಿ ಎಂದು ಪ್ರಾಣ ತಿನ್ನುತ್ತಾರೆ. ಕಾಲೇಜಿಗೆ ರಜೆ ಶುರುವಾಗುವ ಮುಂಚೆ ನೀವು ಹೇಳುತ್ತಿರುವ ಯಂತ್ರ ತನ್ನಿ, ಒಂದು ಪೂರ್ತಿ ಮಧ್ಯಾಹ್ನದ ಊಟಕ್ಕೆ ರೊಟ್ಟಿ ಹಾಕಿ ತೋರಿಸಿ, ಸರಿಬಂದರೆ ನಮ್ಮ ಎಲ್ಲ ಅಡುಗೆಮನೆಗೂ ನಿಮ್ಮದೇ ಯಂತ್ರ. ಬರದಿದ್ದರೆ ಚಪಾತಿ ಮೆಷಿನ್‌ನವರು ಬಾಗಿಲಲ್ಲೇ ನಿಂತಿದ್ದಾರೆ, ಎರಡನೇ ಸಲ ಕರೆಯುವುದಿಲ್ಲ. ತಂಗಿ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡ ಮೇಲೆ ನನಗೆ ಹೇಳಿದಳು. ಯಂತ್ರ ಆಗ ಅವಳ ತಲೆಯಲ್ಲಿ ಮಾತ್ರ ಇತ್ತು.

ಪ್ರಯೋಗಕ್ಕೆ ಒಲೆ ಬೇಕು, ಹಿಟ್ಟು ಬೇಕು, ಬಡಿಯುವ ಹೆಂಗಸರ ಸಮಯ ಬೇಕು. ಅದಕ್ಕಾಗಿ ಅಂಗಡಿಯವರಿಗೆಲ್ಲ ಪ್ಯಾಕೆಟ್ ಬರುವುದಿಲ್ಲ ಎಂದು ಹೇಳಿಬಿಟ್ಟಳು. ಸ್ವಲ್ಪ ದಿನ ಬಿಟ್ಟು ನಾನು ಸುಮ್ಮನೆ ವಿಜಯನಗರದ ಒಂದು ಅಂಗಡಿಗೆ ಹೋದೆ. ನಮ್ಮ ಪ್ಯಾಕೆಟ್ ಇರುತ್ತಿದ್ದ ಜಾಗದಲ್ಲಿ ಬೇರೆ ಯಾರದೋ ರೊಟ್ಟಿ ಆರಾಮಾಗಿ ಕೂತಿತ್ತು. ವಾಪಸ್ ಹೋಗುವ ದಾರಿ ಮುಚ್ಚಿದ್ದು ಆಗ ನನಗೆ ಖಾತ್ರಿಯಾಯಿತು. ಯಂತ್ರ ಇರುವ ಪ್ರತಿ ಅಡುಗೆಮನೆಗೂ ಅದನ್ನು ನಡೆಸುವವರು ಬೇಕು, ಆ ಕೆಲಸ ನಿಮ್ಮದೇ ಎಂದು ತಂಗಿ ಹೆಂಗಸರಿಗೆ ಮಾತು ಕೊಟ್ಟಿದ್ದಳು. ಅವರು ಅವಳ ಮಾತು ನಂಬಿದರು. ನನ್ನ ಮುಖದ ಕಡೆ ನೋಡದಿರುವಷ್ಟು ಜಾಣತನ ಅವರಿಗಿತ್ತು.

ಯಂತ್ರ ಮಾಡಿಕೊಡಲು ಸಿಕ್ಕವರು ಕಾಮಾಕ್ಷಿಪಾಳ್ಯದ ಮೆಷಿನ್ ಶಾಪ್ ಮಾಲೀಕರು. ಶೆಡ್ ನಿಂತಿದ್ದ ಜಾಗ ಅವರ ತಾತನ ಕಾಲದಲ್ಲಿ ಹೊಲವಾಗಿತ್ತಂತೆ. ತಂಗಿ ವಿವರಿಸಿದ್ದನ್ನೆಲ್ಲ ಕೇಳಿ, ಕೈಯ ಗ್ರೀಸು ಒರೆಸಿಕೊಂಡರು.

"ಮೇಡಂ, ನಮ್ ತಾತ ಇಲ್ಲಿ ರಾಗಿ ಬೆಳೀತಿದ್ರು. ಮುದ್ದೆ ಮೆಷಿನ್ ಕೇಳಿ, ಒಂದು ಅರ್ಥ ಇದೆ. ಈ ಜೋಳಕ್ಕೆ ಹೋಗಿ ಅಷ್ಟೊಂದು ಸರ್ಕಸ್ಸಾ?"

ಆದರೆ ಅವರ ಕಣ್ಣು ಆಗಲೇ ಹೊಳೆಯುತ್ತಿತ್ತು. ಲೇತ್ ನಡೆಸುವವರಿಗೆ ಇದು ಆಗುವುದಿಲ್ಲ ಅನ್ನಿಸುವ ಕೆಲಸ ಕೊಟ್ಟರೆ ಹಬ್ಬ.

ಮೊದಲ ಯಂತ್ರ ಒತ್ತುವ ಯಂತ್ರ. ಎರಡು ಬಿಸಿ ತಟ್ಟೆಗಳ ನಡುವೆ ಉಂಡೆಯಿಟ್ಟು ಅದುಮುವುದು. ಗೋಧಿಗೆ ಅಂಟು ಇದೆ, ಅದುಮಿದರೆ ಹಿಗ್ಗುತ್ತದೆ. ಜೋಳಕ್ಕೆ ಆ ಅಂಟಿಲ್ಲ. ಕುದಿಯುವ ನೀರಿನಲ್ಲಿ ಕಲಸಿ ನಾದಿದಾಗ ಬರುವ ಹದ ಒಂದೇ ಅದರ ಆಧಾರ. ನಮ್ಮ ಉಂಡೆ ಅದುಮಿದ ಕೂಡಲೇ ಅಂಚೆಲ್ಲ ಸೀಳಿತು. ಒಳಗಿನ ಹಬೆಗೆ ದಾರಿ ಸಿಗದೆ ಟಪ್ಪೆಂದು ಸಿಡಿದು, ಒಂದು ಚೂರು ಮಾಲೀಕರ ಮೀಸೆಗೆ ಹತ್ತಿತು. ಅವರು ಅದನ್ನೇ ಬಾಯಿಗೆ ಹಾಕಿಕೊಂಡು, ಉಪ್ಪು ಕಮ್ಮಿ ಅಂದರು.

ಎರಡನೆಯದು ರೋಲರ್. ಉದ್ದಕ್ಕೆ ಲಟ್ಟಿಸಿ ವೃತ್ತಾಕಾರಕ್ಕೆ ಕತ್ತರಿಸುವುದು. ನೋಡಲು ಬಹಳ ಚಂದ ಬಂತು. ಹಂಚಿಗೆ ಹಾಕಿದರೆ ಉಬ್ಬಲೇ ಇಲ್ಲ. ನಮ್ಮ ಅಮ್ಮನಿಗೆ ರುಚಿ ನೋಡಲು ಕೊಟ್ಟೆವು. ಅಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, "ಇದನ್ನ ತಿನ್ನಾಕ ಮಾಡೀರೋ, ಚಪ್ಪಲಿ ಒಳಗ ಹಾಕ್ಕೊಳ್ಳಾಕೋ?" ಅಂದರು.

ಆ ದಿನ ತಂಗಿ ಮಹಡಿಗೆ ಹೋಗಿ ಹೆಂಗಸರ ಪಕ್ಕ ಕೂತು ತಾನೇ ಬಡಿಯಲು ಶುರುಮಾಡಿದಳು. ಚಿಕ್ಕಂದಿನಿಂದ ಗೊತ್ತಿದ್ದ ಕೆಲಸವೇ. ಈ ಸಲ ಬೇರೆ ಥರ ಬಡಿದಳು: ಒಂದೊಂದು ಏಟಿಗೂ ನಿಲ್ಲಿಸಿ ನೋಡುತ್ತಾ, ಕೈ ಎಲ್ಲಿ ಬಿತ್ತು, ರೊಟ್ಟಿ ಎಷ್ಟು ತಿರುಗಿತು, ಅಂಚಿಗೆ ಬೆರಳು ಯಾವಾಗ ಹೋಯಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ. ನಾನು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದೆ. ಹಿಟ್ಟಿನ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡಳು.

"ನಾವು ಹಿಂಡ್ತಾ ಇದೀವಿ ಅಣ್ಣಾ. ಇದನ್ನ ಹಿಂಡಬಾರ್ದು, ಬಡೀಬೇಕು. ಮೆತ್ತಗೆ, ನೂರು ಸಲ. ತಟ್ಟೆ ತಿರುಗ್ತಾ ಇರ್ಬೇಕು, ಕೈ ಬೀಳ್ತಾ ಇರ್ಬೇಕು."

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈಯಲ್ಲಿ ಒಂಥರಾ ಕರೆಂಟು. ಗಾಳಿಯ ಸಿಲಿಂಡರಿನ ತುದಿಗೆ ಸಿಲಿಕೋನ್ ಅಂಗೈ ಕಟ್ಟಬೇಕು, ಕೆಳಗೆ ತಿರುಗುವ ತಟ್ಟೆ. ಯಾರ ಅಂಗೈ? ಅಮ್ಮನದೇ ಎಂದು ತೀರ್ಮಾನವಾಯಿತು. ಕೆಳಗಿನ ದಂತವೈದ್ಯೆ ಹಲ್ಲಿನ ಅಚ್ಚು ತೆಗೆಯುವ ಪುಡಿ ಕಲಸಿ, ಪೇಷಂಟಿನ ಕುರ್ಚಿಯಲ್ಲೇ ಅಮ್ಮನನ್ನು ಕೂರಿಸಿ, ಬಲಗೈಯ ಅಚ್ಚು ತೆಗೆದುಕೊಟ್ಟರು. ಅಮ್ಮ ಇಡೀ ಹೊತ್ತು ಬಾಯಿ ತೆರೆದುಕೊಂಡೇ ಕೂತಿದ್ದರು. ಆ ಕುರ್ಚಿಯಲ್ಲಿ ಹಾಗೇ ಕೂರಬೇಕೆಂದು ಅವರ ನಂಬಿಕೆ.

ಅಮ್ಮನ ಸಿಲಿಕೋನ್ ಕೈ ಮೊದಲ ದಿನವೇ ಸೋತಿತು. ಅಂಗೈಯ ಗೆರೆಗಳಲ್ಲಿ ಹಿಟ್ಟು ತುಂಬಿಕೊಂಡು ರೊಟ್ಟಿಯನ್ನೇ ಎತ್ತಿಕೊಂಡು ಮೇಲೆ ಹೋಯಿತು. ಗೆರೆ ತೆಗೆದೆವು, ಬೆರಳು ತೆಗೆದೆವು, ಕೊನೆಗೆ ಉಳಿದದ್ದು ನಡುವೆ ಸ್ವಲ್ಪ ಉಬ್ಬಿದ, ಅಂಚಿಗೆ ತೆಳುವಾದ ದಿಂಬು. ನೋಡಲು ಕೈಯೇ ಅಲ್ಲ, ಆದರೆ ಬಡಿದಾಗ ಥೇಟ್ ಮಹಡಿಯ ಸದ್ದೇ. ತಟ್ಟೆಗೆ ಉಂಡೆ ಬಿತ್ತೋ ಇಲ್ಲವೋ ತಿಳಿಯಲು ಕಣ್ಣೊಂದು ಬೇಕಾಗಿತ್ತು. ಯಂತ್ರದ ಮುಂಭಾಗದಲ್ಲಿ, ಹಣೆಯಂತೆ ಮುಂದಕ್ಕೆ ಬಾಗಿದ ತಗಡಿನ ನಡುವೆ, ಅಂಗಿ ಗುಂಡಿಯಷ್ಟಿರುವ ಸೆನ್ಸರ್ ಕೂರಿಸಿದೆವು. ಅದು ಕೆಳಗೆ ಬೆಳಕು ಬಿಡುತ್ತದೆ. ಹತ್ತಿರದಿಂದ ಬೆಳಕು ವಾಪಸ್ ಬಂದರೆ ಉಂಡೆ ಬಂದಿದೆ ಎಂದರ್ಥ. ಕೂಡಲೇ ಕೈ ಬಡಿಯಲು ತೊಡಗುತ್ತದೆ.

ರೊಟ್ಟಿ ಬಂತು. ಬಂದ ಮೇಲೆ ಅಣ್ಣ ತಂಗಿಯ ಜಗಳ ಶುರುವಾಯಿತು.

ಪ್ರತಿ ಪ್ರಯೋಗದ ನಂತರ ನಾನು ಚೆನ್ನಾಗಿದೆ ಅನ್ನುವುದು, ಅವಳು ಕೆಟ್ಟದಾಗಿದೆ ಅನ್ನುವುದು. ಜೀವನದಲ್ಲಿ ಮೊದಲ ಸಲ ನಾನು ಧೈರ್ಯದ ಪಕ್ಷದಲ್ಲಿದ್ದೆ, ಆ ಸ್ಥಾನ ಬಿಟ್ಟುಕೊಡಲು ಮನಸ್ಸಿರಲಿಲ್ಲ. ಅವಳು ಅಂಚು ಒಡೆದಿದೆ ಅಂದರೆ ನಾನು ಬೆಣ್ಣೆಯಂತಿದೆ ಅನ್ನುತ್ತಿದ್ದೆ. ಅವಳು ದಿಂಬಿನ ಆಕಾರ ಬದಲಿಸಿದಳು, ಗಾಳಿಯ ಒತ್ತಡ ಬದಲಿಸಿದಳು, ತಟ್ಟೆಯ ವೇಗ ಬದಲಿಸಿದಳು. ಏನು ಮಾಡಿದರೂ ನನಗೆ ಬೆಣ್ಣೆ, ಅವಳಿಗೆ ಒಡಕು. ಕೊನೆಗೆ ಮೆಷಿನ್ ಶಾಪ್ ಮಾಲೀಕರು ತಲೆಕೆಟ್ಟು, ಇಬ್ಬರೂ ಒಂದೇ ರೊಟ್ಟಿ ಮುರಿದು ತಿನ್ನಿ ಅಂದರು. ತಿಂದೆವು. ಇಬ್ಬರೂ ಚೆನ್ನಾಗಿದೆ ಅಂದೆವು. ಆಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನು ಚಿಂತೆಯವನು. ಎಲ್ಲಿ ಕೆಟ್ಟಿತೋ ಎಂಬ ಆತುರಕ್ಕೆ ಯಾವಾಗಲೂ ಮೊದಲ ರೊಟ್ಟಿಯನ್ನೇ ತೆಗೆದು ತಿನ್ನುತ್ತಿದ್ದೆ. ಅವಳು ಎಲ್ಲ ಮುಗಿದು, ಒಲೆ ಆರಿಸಿ, ಕೊನೆಯದನ್ನು ತಿನ್ನುತ್ತಿದ್ದಳು. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ಕೆಟ್ಟದ್ದು ಕೈಯಲ್ಲ, ಹಿಟ್ಟು. ಕೆಲಸ ಬೇಗ ಆಗಲಿ ಎಂದು ದೊಡ್ಡ ಕಲಸುವ ಡ್ರಮ್ಮಿನಲ್ಲಿ ಇಡೀ ಊಟಕ್ಕಾಗುವಷ್ಟು ಹಿಟ್ಟನ್ನು ಒಮ್ಮೆಗೇ ನಾದಿಟ್ಟುಕೊಳ್ಳುತ್ತಿದ್ದೆವು. ಮೊದಲ ರೊಟ್ಟಿಗೆ ಅದು ಬಿಸಿ, ಮಿದು. ಕೊನೆಯ ರೊಟ್ಟಿಯ ಹೊತ್ತಿಗೆ ಆರಿ, ಹದ ಬಿಟ್ಟು, ಒಣ ಮಣ್ಣಿನಂತೆ. ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಕೈಗೆ ಬೇಕಾದಷ್ಟೇ ನಾದಿಕೊಂಡು ಬಡಿಯುತ್ತಾರೆ. ರೊಟ್ಟಿ ತಿಂದೇ ಬೆಳೆದ ನಾವು, ಯಂತ್ರ ಅಂದ ಕೂಡಲೇ ಅದನ್ನು ಮರೆತಿದ್ದೆವು.

ದಾರಿ ಒಂದೇ ಇತ್ತು. ಡ್ರಮ್ಮು ಕಿತ್ತು ಹಾಕಿ, ಯಂತ್ರದೊಳಗೇ ಚಿಕ್ಕ ಬೋಗುಣಿ ಕೂರಿಸಿ, ಅದಕ್ಕೆ ಕುದಿನೀರು ಮತ್ತು ಹಿಟ್ಟು ಸ್ವಲ್ಪ ಸ್ವಲ್ಪವೇ ಬೀಳುವಂತೆ ಮಾಡಿ, ಕೆಲವೇ ರೊಟ್ಟಿಗಾಗುವಷ್ಟು ಮತ್ತೆ ಮತ್ತೆ ನಾದುವುದು. ಅದಕ್ಕೆ ಯಂತ್ರದ ಎಡಪಕ್ಕೆಯನ್ನು ಪೂರ್ತಿ ಕತ್ತರಿಸಬೇಕು. ಗುತ್ತಿಗೆದಾರರು ಕೊಟ್ಟ ದಿನ ಹತ್ತಿರದಲ್ಲಿತ್ತು. ಇದ್ದ ಯಂತ್ರ ಅರ್ಧ ಊಟಕ್ಕಾದರೂ ಒಳ್ಳೆಯ ರೊಟ್ಟಿ ಕೊಡುತ್ತಿತ್ತು. ಕತ್ತರಿಸಿದ ಮೇಲೆ ಸೇರದಿದ್ದರೆ ಅದೂ ಇಲ್ಲ. ಮಾಲೀಕರು ಗ್ರೈಂಡರ್ ಹಿಡಿದು ನಿಂತರು. ತಂಗಿ ಮೊದಲ ಬಾರಿ ಹಿಂದೆಮುಂದೆ ನೋಡಿದಳು.

"ಕಟ್ ಮಾಡಿ," ಎಂದು ಯಾರೋ ಅಂದರು. ಎಲ್ಲರೂ ನನ್ನ ಕಡೆ ತಿರುಗಿದಾಗ ಅದು ನಾನೇ ಎಂದು ಗೊತ್ತಾಯಿತು.

ಮಾಲೀಕರು ನಕ್ಕರು. "ಸಾರ್, ಹುಷಾರಾಗಿದೀರ ತಾನೆ?"

ಹುಷಾರಾಗಿದ್ದೆ. ಚಿಂತೆ ಮಾಡುವವನಿಗೆ ಒಂದು ಲಾಭವಿದೆ: ಕೆಟ್ಟದ್ದನ್ನೆಲ್ಲ ಅವನು ಮೊದಲೇ ಮನಸ್ಸಿನಲ್ಲಿ ಅನುಭವಿಸಿ ಮುಗಿಸಿರುತ್ತಾನೆ. ಹಾಸ್ಟೆಲ್ ಮಕ್ಕಳ ಅರ್ಧ ಸಾಲಿಗೆ ಬೆಣ್ಣೆ, ಇನ್ನರ್ಧ ಸಾಲಿಗೆ ಒಡಕು ಬಡಿಸಿ ತಂಗಿ ತಲೆತಗ್ಗಿಸಿ ನಿಲ್ಲುವುದನ್ನು ನಾನು ಆಗಲೇ ಬೇಕಾದಷ್ಟು ಸಲ ನೋಡಿದ್ದೆ. ಕಿಡಿ ಹಾರುವುದನ್ನು ನೋಡುವುದು ಅದಕ್ಕಿಂತ ಹಗುರ.

ಬೋಗುಣಿ ಮೊದಲು ಸೋರಿತು. ಆಮೇಲೆ ನೀರು ಹೆಚ್ಚು ಬಿದ್ದು ಅಂಬಲಿಯಾಯಿತು. ನಾದುವ ಅಲಗನ್ನು ತಂಗಿ ಥರ್ಮಕೋಲಿನಲ್ಲಿ ಕೊರೆದು ತೋರಿಸಿ ಬಾಗಿಸಿದಳು. ಮತ್ತೆ ನಡೆಸಿದೆವು. ಈ ಸಲ ನಾನು ಮೊದಲ ರೊಟ್ಟಿಯನ್ನು ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಅದು ಹೇಗಿದೆಯೋ ಎಂದು ಸಾಯುತ್ತಾ ಕಾದೆ. ಚೀಲದ ಹಿಟ್ಟು ತಳ ಕಂಡಾಗ ಕೊನೆಯ ರೊಟ್ಟಿ ಹಂಚಿಗೆ ಹೋಯಿತು. ಒಂದು ಮೂಲೆ ಎದ್ದಿತು, ಇನ್ನೊಂದು ಎದ್ದಿತು, ಆಮೇಲೆ ಇಡೀ ರೊಟ್ಟಿ ಉಸಿರು ತುಂಬಿಕೊಂಡು ಪೂರಿಯಂತೆ ನಿಂತಿತು. ರಾಗಿ ವಂಶದ ಮಾಲೀಕರು ಶಿಳ್ಳೆ ಹಾಕಿದರು. ತಂಗಿ ನನ್ನ ಬೆನ್ನಿಗೆ ಬಿಟ್ಟ ಏಟು ಯಂತ್ರದ ಕೈಗಿಂತ ಜೋರಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಏಟಿನಿಂದ ಎಂದು ಹೇಳಿದೆ.

ಹೀಗೆ ಕೆಂಗೇರಿಯ ದಿನ ಬಂತು. ಕರೆಂಟ್ ಹೋಗಲಿಲ್ಲ. ಗಾಡಿ ಕೆಡಲಿಲ್ಲ. ಬಾಗಿಲಲ್ಲಿ ಯಂತ್ರ ನುಣ್ಣಗೆ ಒಳಗೆ ಹೋಯಿತು. ಅಡುಗೆಯವರು ಮುನಿಸಿಕೊಳ್ಳುವುದಿರಲಿ, ಕಂಪ್ರೆಸರ್ ಇಳಿಸಲು ತಾವೇ ಕೈಹಾಕಿ ನಮಗೆ ಕಾಫಿ ಕೊಟ್ಟರು. ನಮ್ಮ ಕಡೆಯ ಇಬ್ಬರು ಹೆಂಗಸರು ಹಿಟ್ಟಿನ ಚೀಲ ಬಿಚ್ಚಿ ಸಿದ್ಧರಾದರು. ಹಾಸ್ಟೆಲ್ ಮಕ್ಕಳು ಆಗಲೇ ಬಾಗಿಲಲ್ಲಿ ಇಣುಕುತ್ತಿದ್ದರು. ಗುತ್ತಿಗೆದಾರರು ಎಲ್ಲ ಹಲ್ಲುಗಳೊಂದಿಗೆ ನಗುತ್ತಾ ಬಂದರು.

ಸ್ವಿಚ್ಚಿಗೆ ಮುಂಚೆ ಪೂಜೆ. ಇದು ಅಮ್ಮನ ಕಟ್ಟಪ್ಪಣೆ, ಮತ್ತು ಮನೆಯ ಗಂಡುಮಗನಾಗಿ ನನ್ನ ಪಾಲಿನ ಕೆಲಸ. ಶೆಡ್ಡಿನಲ್ಲಿ ನಾವು ಪೂಜೆ ಮಾಡಿರಲಿಲ್ಲ. ಪ್ರಯೋಗಕ್ಕೆಲ್ಲ ಪೂಜೆ ಯಾಕೆ, ಕೆಲಸಕ್ಕೆ ನಿಂತ ದಿನ ಮಾಡಿದರಾಯಿತು ಎಂದಿದ್ದೆವು. ಊದುಬತ್ತಿ ಹಚ್ಚಿದೆ, ಹೂವಿಟ್ಟೆ, ಅಮ್ಮ ಕೊಟ್ಟ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದೆ. ದೇವರೇ ನೋಡಿಕೋ ಎಂದು ಕಣ್ಣು ಮುಚ್ಚಿ, ಮೂರು ಬೆರಳಲ್ಲಿ ಯಂತ್ರಕ್ಕೆ ಹಚ್ಚಿದೆ. ತೆಳುವಾಗಿ ಕಂಡಿತು, ಇಂಥ ದಿನ ಕಡಿಮೆಯಾಗಬಾರದು ಎಂದು ಇನ್ನೊಮ್ಮೆ, ದಪ್ಪಗೆ ಎಳೆದೆ.

ತಂಗಿ ಸ್ವಿಚ್ ಒತ್ತಿದಳು. ಬೋಗುಣಿಗೆ ನೀರೂ ಹಿಟ್ಟೂ ಇನ್ನೂ ಬೀಳಬೇಕು, ತಟ್ಟೆ ಖಾಲಿ. ಆದರೆ ಕೈ ಕೆಳಗಿಳಿಯಿತು. ಟಪ್ ಟಪ್ ಟಪ್ ಎಂದು ಬರೀ ತಟ್ಟೆಯನ್ನು ಬಹಳ ಶ್ರದ್ಧೆಯಿಂದ ಬಡಿಯತೊಡಗಿತು. ಒಂದು ರೊಟ್ಟಿಗಾಗುವಷ್ಟು ಬಡಿದು, ಏನೂ ಇಲ್ಲದ್ದನ್ನು ಹಂಚಿಗೆ ಜಾರಿಸಿ, ಮುಂದಿನದನ್ನು ಶುರುಮಾಡಿತು. ಬಾಗಿಲಲ್ಲಿದ್ದ ಮಕ್ಕಳು ಕಿಸಕ್ಕೆಂದರು. ಗುತ್ತಿಗೆದಾರರ ನಗು ನಿಧಾನಕ್ಕೆ ಹಲ್ಲುಗಳ ಹಿಂದೆ ಹೋಯಿತು.

"ಇದು ಮೊದಲು ಗಾಳಿನ ಬಡಿಯತ್ತಾ ಮೇಡಂ?" ಎಂದು ಅಡುಗೆಯವರು ಕೇಳಿದರು. ಕೊಂಕಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು.

ನಾನು ಆಗಲೇ ಬ್ಯಾಗು ಬಗೆಯುತ್ತಿದ್ದೆ. "ಸೆನ್ಸರ್ ಹೋಯ್ತು. ಗೊತ್ತಿತ್ತು ನಂಗೆ. ಇನ್ನೊಂದಿದೆ, ಇನ್ನೊಂದಿದೆ."

ತಂಗಿ ಬಗ್ಗಿ ಯಂತ್ರದ ಮುಖ ನೋಡಿದಳು. ನೆಟ್ಟಗಾಗಿ ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದಳು. ದುಪಟ್ಟಾದ ತುದಿ ಒದ್ದೆ ಮಾಡಿ ಯಂತ್ರದ ಹಣೆಯ ನಡುವೆ ಒಂದು ಚಿಕ್ಕ ವೃತ್ತವನ್ನು ಒರೆಸಿದಳು. ಕೈ ಮೇಲೆ ಹೋಗಿ ವಿನಯದಿಂದ ಕಾದು ನಿಂತಿತು. ನೀರು ಬಿತ್ತು, ಹಿಟ್ಟು ಬಿತ್ತು, ಉಂಡೆ ಉರುಳಿ ಬಂತು.

ಆಮೇಲೆ ಅದು ನಿಲ್ಲಲೇ ಇಲ್ಲ. ಮಕ್ಕಳ ಸಾಲು ಬಂತು, ಹೋಯಿತು, ಕೆಲವರು ಎರಡನೇ ಸಲ ಬಂದರು. ಗುತ್ತಿಗೆದಾರರು ಮೊದಲ ರೊಟ್ಟಿಗೆ ಕೈಹಾಕಿದಾಗ ತಂಗಿ ತಡೆದು, "ಸಾರ್, ನಿಮಗೆ ಕೊನೇದು" ಅಂದಳು. ಅವರು ಕಾದರು. ಕೊನೆಯದು ಉಬ್ಬಿ ಬಂದಾಗ ಮುರಿದು, ಶೇಂಗಾ ಚಟ್ನಿಯಲ್ಲಿ ಅದ್ದಿ, ಅವಸರವಿಲ್ಲದೆ ಅಗಿದರು.

"ಉಳಿದ ಕಿಚನ್‌ಗಳಿಗೆ ಯಾವಾಗ ತರ್ತೀರಾ?" ಅಂದರು. ಮತ್ತೆ ನನ್ನ ಕಡೆ ತಿರುಗಿ, "ನಮ್ ಹುಡುಗ್ರೂ ಪೂಜೆ ಮಾಡ್ದೆ ಮೆಷಿನ್ ಮುಟ್ಟಲ್ಲ ಸಾರ್. ಅದಕ್ಕೆ ಏನಾದ್ರೂ ಮಾಡಿ."

ವಾಪಸ್ ಬರುವಾಗ ಗಾಡಿ ನಿಜವಾಗಿಯೂ ದೀಪಾಂಜಲಿ ನಗರದ ಮೆಟ್ರೋ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತಿತು, ಯಾರಿಗೂ ಬೇಸರವಾಗಲಿಲ್ಲ. ನಮ್ಮ ಹೆಂಗಸರು ಹಿಂದಿನ ಆಟೋದಲ್ಲಿ ಕೂತು, ಯಾರು ಯಾವ ಅಡುಗೆಮನೆಗೆ ಎಂದು ಜೋರಾಗಿ ಹಂಚಿಕೊಳ್ಳುತ್ತಿದ್ದರು. ತಂಗಿ ನನ್ನ ಬಿಪಿ ಮಾತ್ರೆಯ ಪಟ್ಟಿ ಕಿತ್ತುಕೊಂಡು, ಅದರ ಬೆನ್ನಿಗೆ ಪೆನ್ನಿನಲ್ಲಿ ಏನೋ ಬರೆಯತೊಡಗಿದ್ದಳು. ಅವಳ ಮುಖ ಪ್ಯಾಕೆಟ್ ನಿಲ್ಲಿಸೋಣ ಅಂದ ದಿನದ್ದೇ.

"ಸೆನ್ಸರ್ ಕೆಳಗೆ ಹೋಗ್ಲಿ ಅಣ್ಣಾ. ಮೇಲೆ ಇದಕ್ಕೊಂದು ಸರಿಯಾದ ಹಣೆ ಬೇಕು. ಅಗಲಕ್ಕೆ, ಸ್ಟೀಲಿಂದು. ನಿನ್ನಂಥೋರು ಎಷ್ಟು ಬೇಕಾದ್ರೂ ಹಚ್ಚಲಿ."

ನಾನು ಸರಿ ಅಂದೆ. ತೊಡೆಯ ಮೇಲಿದ್ದ ಬಲಗೈಯ ಮೂರು ಬೆರಳುಗಳ ತುದಿ ಇನ್ನೂ ಬೆಳ್ಳಗಿತ್ತು.